ಅರಿಯದ ಮುಖವೇ ನಿಜದ ಮುಖವೇ? ಹಳ್ಳಿಯ ಮದುವೆ ಮತ್ತು ಛಾಯಾಚಿತ್ರದ ಸತ್ಯ

ಮದುವೆಯ ಛಾಯಾಚಿತ್ರಗಳ ಬಗ್ಗೆ ಇತ್ತೀಚಿನ ವರ್ಷಗಳಲ್ಲಿ ಒಂದು ಅಭಿಪ್ರಾಯ ನಗರಗಳಿಂದ ಹಳ್ಳಿಗಳವರೆಗೂ ಹಬ್ಬಿ ಬೇರೂರಿದೆ. ಜನರಿಗೆ ತಿಳಿಯದಂತೆ ತೆಗೆದ ಚಿತ್ರವೇ ನಿಜವಾದ ಚಿತ್ರ, ಕ್ಯಾಮೆರಾದ ಎದುರು ನಿಲ್ಲಿಸಿ ತೆಗೆದದ್ದು ಕೃತಕ ಎಂಬುದೇ ಆ ಅಭಿಪ್ರಾಯ. ಛಾಯಾಗ್ರಾಹಕರ ವ್ಯವಹಾರದಲ್ಲಿಯೂ ಈ ವಿಂಗಡಣೆ ಸ್ಥಿರವಾಗಿ ನಿಂತಿದೆ: ವಧೂವರರ ಪಕ್ಕದಲ್ಲಿ ನೆಂಟರನ್ನು ಸಾಲಾಗಿ ನಿಲ್ಲಿಸಿ ತೆಗೆಯುವ ಕೆಲಸಕ್ಕೆ ‘ಟ್ರೆಡಿಷನಲ್’ ಎಂದೂ, ದೂರದಿಂದ ಯಾರಿಗೂ ಅರಿವಾಗದಂತೆ ತೆಗೆಯುವ ಕೆಲಸಕ್ಕೆ ‘ಕ್ಯಾಂಡಿಡ್’ ಎಂದೂ ಹೆಸರಿಟ್ಟು, ಎರಡಕ್ಕೂ ಬೇರೆ ಬೇರೆ ದರ ಹೇಳುವುದು, ಎರಡನೆಯದಕ್ಕೆ ಹೆಚ್ಚಿನ ಮರ್ಯಾದೆ ಸಲ್ಲಿಸುವುದು ಈಗ ರೂಢಿ. ಹಳ್ಳಿಯ ಮದುವೆಯ ವಿಷಯದಲ್ಲಿ ಈ ಅಭಿಪ್ರಾಯ ಇನ್ನಷ್ಟು ಬಲವಾಗಿದೆ. ಹಳ್ಳಿಯ ಮದುವೆ ಸಡಗರದ್ದು, ಸಹಜವಾದದ್ದು, ಆದ್ದರಿಂದ ಅದನ್ನು ಸಹಜವಾಗಿಯೇ ಹಿಡಿಯಬೇಕು, ಜನರನ್ನು ಸಾಲಿನಲ್ಲಿ ನಿಲ್ಲಿಸಿದ ಕೂಡಲೇ ಆ ಜೀವಂತಿಕೆ ಸತ್ತುಹೋಗುತ್ತದೆ ಎಂದು ವಾದಿಸಲಾಗುತ್ತದೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವೂ ಬಹಳಷ್ಟು ಗೊಂದಲವೂ ಬೆರೆತಿರುವುದರಿಂದ ಅವೆರಡನ್ನೂ ಬೇರ್ಪಡಿಸಿ ನೋಡುವುದು ಅಗತ್ಯ.

ಮೊದಲಿಗೆ ಆ ಅಭಿಪ್ರಾಯಕ್ಕೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸಬೇಕು. 1839ರಲ್ಲಿ ಛಾಯಾಚಿತ್ರಣ ಪ್ಯಾರಿಸ್‌ನಲ್ಲಿ ಬಹಿರಂಗವಾದಾಗ ಒಂದು ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೇಕಾಗುತ್ತಿತ್ತು. ಮನುಷ್ಯರ ಚಿತ್ರ ತೆಗೆಯುವಾಗ ತಲೆ ಅಲುಗಾಡದಂತೆ ಹಿಂದಿನಿಂದ ಕಬ್ಬಿಣದ ಆಸರೆ ಕೊಡುತ್ತಿದ್ದರು. ಹಳೆಯ ಚಿತ್ರಗಳ ಬಿಗಿದ ಮುಖಗಳಿಗೆ ಯಂತ್ರದ ಈ ಇತಿಮಿತಿಯೂ ಒಂದು ಕಾರಣ. 1925ರಲ್ಲಿ ಲೈಕಾ ಎಂಬ ಪುಟ್ಟ ಕ್ಯಾಮೆರಾ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದು, 35 ಮಿಲಿಮೀಟರ್ ಫಿಲ್ಮಿನ ಒಂದೇ ಸುರುಳಿಯಲ್ಲಿ 36 ಚಿತ್ರಗಳನ್ನು ತೆಗೆಯಲು ಸಾಧ್ಯವಾದ ಮೇಲೆ, ನಡೆಯುತ್ತಿರುವ ಬದುಕನ್ನು ತಡೆದು ನಿಲ್ಲಿಸದೆಯೇ ಹಿಡಿಯುವ ಹೊಸ ದಾರಿ ತೆರೆಯಿತು. ಅದೇ ದಶಕದ ಕೊನೆಯಲ್ಲಿ ಎರಿಕ್ ಸಾಲೊಮನ್ ಎಂಬ ಜರ್ಮನ್ ಛಾಯಾಗ್ರಾಹಕ ರಾಜತಾಂತ್ರಿಕರ ಸಭೆಗಳಲ್ಲಿ ನಾಯಕರು ಆಕಳಿಸುವ, ಪಿಸುಗುಡುವ ಗಳಿಗೆಗಳನ್ನು ಸೆರೆಹಿಡಿದು ಹೆಸರಾದ. 1952ರಲ್ಲಿ ಪ್ರಕಟವಾದ ಆನ್ರಿ ಕಾರ್ತಿಯೇ-ಬ್ರೆಸಾನ್‌ನ ಗ್ರಂಥ ‘ನಿರ್ಣಾಯಕ ಕ್ಷಣ’ ಎಂಬ ಪರಿಕಲ್ಪನೆಯನ್ನು ಜಗತ್ತಿನಾದ್ಯಂತ ಹರಡಿತು. ಅಂದರೆ ಘಟನೆಯ ಅರ್ಥವೂ ಅದರ ಆಕಾರವೂ ಒಂದೇ ಕ್ಷಣದಲ್ಲಿ ಕೂಡಿಬರುವಾಗ ಅದನ್ನು ಗುರುತಿಸುವ ಕಣ್ಣೇ ಛಾಯಾಗ್ರಾಹಕನ ಪ್ರತಿಭೆ ಎಂಬ ತಿಳಿವು. ಈ ಪರಂಪರೆ ಕೊಟ್ಟ ಚಿತ್ರಗಳ ಮೌಲ್ಯವನ್ನು ಯಾರೂ ಅಲ್ಲಗಳೆಯಲಾರರು. ಆಡಳಿತಗಾರರ ಮುಖವಾಡ ಕಳಚುವಲ್ಲಿ, ಬೀದಿಯ ಬದುಕನ್ನು ದಾಖಲಿಸುವಲ್ಲಿ ಅದು ದೊಡ್ಡ ಕೆಲಸ ಮಾಡಿದೆ. ಸಭೆಗೆ ಮತ್ತು ಬೀದಿಗೆ ಒಪ್ಪಿದ ಅಳತೆಗೋಲು ಮದುವೆಯ ಚಪ್ಪರಕ್ಕೂ ಒಪ್ಪುತ್ತದೆಯೇ ಎಂಬುದನ್ನು ಮಾತ್ರ ಕೇಳಬೇಕಾಗಿದೆ.

‘ಕ್ಯಾಂಡಿಡ್’ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಮುಚ್ಚುಮರೆಯಿಲ್ಲದ, ನೇರವಾದ ಎಂಬ ಅರ್ಥವಿದೆ. ಅದರ ಲ್ಯಾಟಿನ್ ಮೂಲಕ್ಕೆ ಬಿಳಿದಾದದ್ದು ಎಂದರ್ಥ. ಮುಚ್ಚುಮರೆಯಿಲ್ಲದಿರುವಿಕೆಯನ್ನು ಸೂಚಿಸುವ ಪದವೊಂದು ಛಾಯಾಗ್ರಾಹಕನು ಮರೆಯಲ್ಲಿದ್ದು ತೆಗೆದ ಚಿತ್ರಕ್ಕೆ ಹೆಸರಾದದ್ದೇ ಗೊಂದಲದ ಮೊದಲ ಗುರುತು. ಈ ಒಂದು ಪದದ ಅಡಿಯಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದೇ ಎಂಬಂತೆ ಸೇರಿಕೊಂಡಿವೆ.

1. ಅರಿವಿನ ಅಭಾವ: ಚಿತ್ರದಲ್ಲಿರುವವರಿಗೆ ತಮ್ಮ ಚಿತ್ರ ತೆಗೆಯಲಾಗುತ್ತಿದೆ ಎಂಬುದು ತಿಳಿದಿರುವುದಿಲ್ಲ.

2. ಹಸ್ತಕ್ಷೇಪದ ಅಭಾವ: ಛಾಯಾಗ್ರಾಹಕನು ನಡೆಯುವುದನ್ನು ತನಗೆ ಬೇಕಾದಂತೆ ಬದಲಿಸುವುದಿಲ್ಲ.

3. ಸತ್ಯ: ಚಿತ್ರವನ್ನು ನೋಡಿದವರಿಗೆ ನಡೆದದ್ದರ ಬಗ್ಗೆ ಸರಿಯಾದ ತಿಳಿವಳಿಕೆ ಸಿಗುತ್ತದೆ.

ಮೊದಲನೆಯದಿದ್ದರೆ ಎರಡನೆಯದೂ, ಎರಡನೆಯದಿದ್ದರೆ ಮೂರನೆಯದೂ ತಾನಾಗಿ ಬರುತ್ತದೆ ಎಂದು ಜನಪ್ರಿಯ ಅಭಿಪ್ರಾಯ ನಂಬುತ್ತದೆ. ಹಳ್ಳಿಯ ಮದುವೆಯನ್ನು ಹತ್ತಿರದಿಂದ ಪರಿಶೀಲಿಸಿದರೆ ಈ ಮೂರರ ನಡುವಿನ ಕೊಂಡಿಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ.

ಅರಿವಿನ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳಬಹುದು. ಯಾರೂ ನೋಡುತ್ತಿಲ್ಲವೆಂದು ತಿಳಿದಾಗಲೇ ಮನುಷ್ಯ ತನ್ನ ನಿಜರೂಪದಲ್ಲಿರುತ್ತಾನೆ ಎಂಬ ಊಹೆ ಇಲ್ಲಿ ಅಡಗಿದೆ. ಮದುವೆಯಾದರೋ ನೋಡಲೆಂದೇ, ನೋಡಿಸಿಕೊಳ್ಳಲೆಂದೇ ನಡೆಯುವ ಕಾರ್ಯ. ನಾಲ್ಕು ಜನರ ಎದುರು ನಡೆಯಬೇಕು ಎಂಬುದು ಅದರ ಮೊದಲ ಷರತ್ತು. ಅಗ್ನಿಸಾಕ್ಷಿ, ಹಿರಿಯರ ಸಾಕ್ಷಿ, ಊರಿನವರ ಸಾಕ್ಷಿ ಎಂದು ಸಾಕ್ಷಿಯ ಮಾತು ಮತ್ತೆ ಮತ್ತೆ ಬರುವುದು ಅದಕ್ಕಾಗಿಯೇ. ವಧೂವರರ ನಡುವೆ ಹಿಡಿಯುವ ಅಂತರಪಟವೆಂಬ ಬಟ್ಟೆ ಯಾರು ಯಾರನ್ನು ಯಾವ ಗಳಿಗೆಯಲ್ಲಿ ನೋಡಬೇಕು ಎಂಬುದನ್ನು ನಿರ್ಧರಿಸುತ್ತದೆ. ಅದು ಸರಿದಾಗ ಇಬ್ಬರೂ ಪರಸ್ಪರ ನೋಡಿಕೊಂಡು ತಲೆಯ ಮೇಲೆ ಜೀರಿಗೆ ಬೆಲ್ಲ ಹಾಕುವುದನ್ನು ಚಪ್ಪರದ ತುಂಬ ನೆರೆದವರು ನೋಡುತ್ತಾರೆ. ಹಣೆಗೆ ಕಟ್ಟುವ ಬಾಸಿಂಗ, ಮದುಮಗಳು ಬಾಗಿಸಿದ ತಲೆ, ಹಸೆಮಣೆಯ ಮೇಲೆ ಅಲುಗಾಡದೆ ಕೂರುವ ರೀತಿ, ಇವೆಲ್ಲ ಕ್ಯಾಮೆರಾ ಹುಟ್ಟುವ ಮೊದಲೇ ರೂಪುಗೊಂಡ ನಿಲುವುಗಳು. ಮದುಮಗಳು ತಲೆ ತಗ್ಗಿಸುವುದು ತನ್ನನ್ನು ಊರು ನೋಡುತ್ತಿದೆ ಎಂಬ ಅರಿವಿನಿಂದಲೇ. ಹೀಗಿರುವಾಗ ಮದುವೆಯಲ್ಲಿ ಅರಿವಿಲ್ಲದ ಮುಖವನ್ನು ಹುಡುಕಿ ಅದನ್ನೇ ಸತ್ಯವೆಂದು ಕರೆಯುವುದು, ನಾಟಕಕ್ಕೆ ಹೋಗಿ ರಂಗವನ್ನು ಬಿಟ್ಟು ಬಣ್ಣದ ಮನೆಯಲ್ಲಿ ಮಾತ್ರ ನಾಟಕವನ್ನು ಹುಡುಕಿದಂತೆ. ಬಣ್ಣದ ಮನೆಯಲ್ಲಿ ಕಂಡದ್ದು ಸುಳ್ಳಲ್ಲ. ಆದರೆ ನಾಟಕ ನಡೆದದ್ದು ಅಲ್ಲಲ್ಲ.

ಈ ಮಾತಿಗೆ ಹೆಣ್ಣೊಪ್ಪಿಸುವ ಶಾಸ್ತ್ರಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಮಗಳನ್ನು ಗಂಡನ ಮನೆಯವರ ಕೈಗೆ ಒಪ್ಪಿಸುವ ಆ ಗಳಿಗೆಯಲ್ಲಿ ಹೆಂಗಸರು ಸೋಬಾನೆ ಪದಗಳನ್ನು, ಅಂದರೆ ಶುಭಕಾರ್ಯದ ಒಂದೊಂದು ಹಂತಕ್ಕೂ ಮೀಸಲಾದ ಹಾಡುಗಳನ್ನು, ಹಾಡುತ್ತಾರೆ. ಒಪ್ಪಿಸುವ ಪದಗಳ ರಾಗವೂ ಮಾತೂ ಕೇಳಿದವರ ಗಂಟಲು ಕಟ್ಟುವಂತೆ ತಲೆಮಾರುಗಳಿಂದ ಹದಗೊಂಡಿವೆ. ತಾಯಿ ಅಳುತ್ತಾಳೆ, ಮಗಳು ಅಳುತ್ತಾಳೆ, ಹಾಡುವವರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಈ ಕಣ್ಣೀರು ಸಹಜವೋ ಸಂಪ್ರದಾಯವೋ ಎಂದು ಕೇಳಿದರೆ ಎರಡೂ ಹೌದು ಎಂಬುದೇ ಸರಿಯಾದ ಉತ್ತರ. ಅಲ್ಲಿ ಅಳಬೇಕೆಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ದುಃಖ ಸುಳ್ಳಾಗುವುದಿಲ್ಲ, ಏಕೆಂದರೆ ದುಃಖವನ್ನು ನಾಲ್ವರ ನಡುವೆ ಇಳಿಸಿಕೊಳ್ಳಲು ಸಮಾಜವು ಮಾಡಿಕೊಟ್ಟ ಹಾದಿ ಅದು. ಸಹಜವಾದದ್ದು ಒಂದು ಕಡೆ, ನಿಯಮಕ್ಕೆ ಒಳಪಟ್ಟದ್ದು ಇನ್ನೊಂದು ಕಡೆ ಎಂಬ ವಿಭಜನೆ ಇಲ್ಲಿ ನಿಲ್ಲುವುದೇ ಇಲ್ಲ. ಆ ವಿಭಜನೆ ನಿಲ್ಲದಿದ್ದರೆ, ಅದರ ಮೇಲೆ ಕಟ್ಟಿದ ‘ಅರಿಯದೆ ತೆಗೆದದ್ದು ನಿಜ, ಅರಿತು ನಿಂತದ್ದು ಕೃತಕ’ ಎಂಬ ವಿಂಗಡಣೆಯೂ ನಿಲ್ಲಲಾರದು.

ಇದೇ ನೆಲೆಯಿಂದ ನೋಡಿದರೆ, ಹೀಗಳೆಯಲಾಗುವ ಗುಂಪು ಚಿತ್ರದ ನಿಜವಾದ ಸ್ವರೂಪ ಗೋಚರಿಸುತ್ತದೆ. ಫ್ರಾನ್ಸಿನ ನೈರುತ್ಯ ಭಾಗದ ಬೇಯಾರ್ನ್ ಪ್ರಾಂತ್ಯದ ರೈತರ ನಡುವೆ ಛಾಯಾಚಿತ್ರದ ಬಳಕೆಯನ್ನು ಅಧ್ಯಯನ ಮಾಡಿ ಸಮಾಜಶಾಸ್ತ್ರಜ್ಞ ಪಿಯರ್ ಬೂರ್ದ್ಯೂ 1965ರಲ್ಲಿ ಪ್ರಕಟಿಸಿದ ಬರಹದಲ್ಲಿ ಒಂದು ಮುಖ್ಯ ಸಂಗತಿಯನ್ನು ತೋರಿಸಿಕೊಟ್ಟಿದ್ದಾನೆ: ಹಳ್ಳಿಯ ಬದುಕಿನೊಳಗೆ ಛಾಯಾಚಿತ್ರ ಬಂದದ್ದು ಮದುವೆಯಂಥ ವಿಧಿಗಳ ಮೂಲಕ, ಮತ್ತು ಅಲ್ಲಿ ಗುಂಪು ಚಿತ್ರವು ಉಡುಗೊರೆಯ ಕೊಡುಕೊಳ್ಳುವಿಕೆಯಂತೆಯೇ ಸಂಬಂಧಗಳನ್ನು ದೃಢಪಡಿಸುವ ಕ್ರಿಯೆಯಾಗಿತ್ತು, ನೇರವಾಗಿ ಮುಖ ಕೊಟ್ಟು ನಿಲ್ಲುವುದು ಗೌರವ ಕೊಟ್ಟು ಗೌರವ ಪಡೆಯುವ ರೀತಿಯಾಗಿತ್ತು. ಮಧ್ಯಪ್ರದೇಶದ ನಾಗ್ದಾ ಪಟ್ಟಣ ಮತ್ತು ಅದರ ಸುತ್ತಲಿನ ಜನರ ಛಾಯಾಚಿತ್ರಗಳನ್ನು ಅಭ್ಯಾಸ ಮಾಡಿ ಮಾನವಶಾಸ್ತ್ರಜ್ಞ ಕ್ರಿಸ್ಟೊಫರ್ ಪಿನ್ನಿ 1997ರಲ್ಲಿ ಬರೆದ ಗ್ರಂಥವೂ ಅಲ್ಲಿನ ಜನ ಪೂರ್ಣ ದೇಹ ಕಾಣುವ, ಎದುರು ಮುಖದ ಚಿತ್ರಗಳನ್ನು ಬಯಸುವುದನ್ನು ದಾಖಲಿಸಿದೆ. ಕರ್ನಾಟಕದ ಹಳ್ಳಿಗಳಲ್ಲಿ ಇದರ ಸಮಾನರೂಪ ಕಣ್ಣೆದುರೇ ಇದೆ. ಮದುವೆಯಲ್ಲಿ ಮುಯ್ಯಿ ಮಾಡುವ, ಅಂದರೆ ತಮ್ಮ ಮನೆಯ ಕಾರ್ಯಕ್ಕೆ ಬಂದ ಉಡುಗೊರೆಗೆ ಪ್ರತಿಯಾಗಿ ಉಡುಗೊರೆ ಕೊಡುವ ನೆಂಟರು ವಧೂವರರ ಕೈಗೆ ಅದನ್ನಿತ್ತು ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಮುಯ್ಯಿಯ ಪುಸ್ತಕದಲ್ಲಿ ಹೆಸರು ಬರೆಸುವುದೂ ಆ ಸಾಲಿನಲ್ಲಿ ನಿಲ್ಲುವುದೂ ಒಂದೇ ಕ್ರಿಯೆಯ ಎರಡು ಮುಖಗಳು. ಸೋದರಮಾವ ಎಲ್ಲಿ ನಿಂತ, ಬೀಗರಲ್ಲಿ ಹಿರಿಯರಾದವರಿಗೆ ಕುರ್ಚಿ ಸಿಕ್ಕಿತೇ, ಬೇರೆಯಾದ ಅಣ್ಣತಮ್ಮಂದಿರು ಒಂದೇ ಸಾಲಿಗೆ ಬಂದರೇ ಎಂಬುದನ್ನು ಆ ಚಿತ್ರ ಹೇಳುತ್ತದೆ, ಮತ್ತು ಅದು ಹೇಳುವುದು ನಿಜ: ಅವರು ಆ ದಿನ ಅಲ್ಲಿ ಹಾಗೆ ನಿಂತಿದ್ದರು. ಮದುವೆಯ ನೋಂದಣಿಗೆ ಅರ್ಜಿ ಹಾಕುವಾಗ ಲಗ್ನಪತ್ರಿಕೆಯ ಜೊತೆ ಮದುವೆಯ ಚಿತ್ರವನ್ನೂ ಕೇಳುವ ರೂಢಿಯ ಹಿಂದೆ ಇರುವುದೂ ಇದೇ ಸಾಕ್ಷಿಭಾವ.

ಎರಡನೆಯ ಕೊಂಡಿ ಹಸ್ತಕ್ಷೇಪದ್ದು. ಜನರಿಗೆ ಅರಿವಾಗದಿದ್ದರೆ ಛಾಯಾಗ್ರಾಹಕ ಏನನ್ನೂ ಬದಲಿಸಿಲ್ಲ ಎಂಬ ತೀರ್ಮಾನ ಆಯ್ಕೆಯೆಂಬ ಹಸ್ತಕ್ಷೇಪವನ್ನು ಮರೆಯುತ್ತದೆ. ಎರಡು ದಿನದ ಮದುವೆಯಲ್ಲಿ 1,72,800 ಸೆಕೆಂಡುಗಳಿವೆ. ಒಬ್ಬ ಛಾಯಾಗ್ರಾಹಕ ಸೆಕೆಂಡಿನ ಇನ್ನೂರನೇ ಒಂದು ಭಾಗದ ವೇಗದಲ್ಲಿ 3,000 ಚಿತ್ರಗಳನ್ನು ತೆಗೆದನೆಂದು ಇಟ್ಟುಕೊಂಡರೆ, ಅವೆಲ್ಲ ಸೇರಿ ಹಿಡಿದ ಕಾಲ ಒಟ್ಟು 15 ಸೆಕೆಂಡು. ಅವುಗಳಲ್ಲಿ ಆಲ್ಬಂಗೆ 300 ಆಯ್ಕೆಯಾದರೆ ಉಳಿಯುವುದು ಒಂದೂವರೆ ಸೆಕೆಂಡು. ಯಾವ ಒಂದೂವರೆ ಸೆಕೆಂಡು ಉಳಿಯಬೇಕು ಎಂಬುದನ್ನು ನಿರ್ಧರಿಸಿದವರು ಮದುವೆಯನ್ನು ಗಾಢವಾಗಿ ಪುನರ್ರಚಿಸಿದ್ದಾರೆ. ಹೋಮದ ಹೊಗೆಗೆ ಕಣ್ಣಲ್ಲಿ ನೀರಾಡಿದ ಮದುಮಗಳ ಮುಖವನ್ನು ಹತ್ತಿರದಿಂದ ತೆಗೆದು, ಹೊಗೆಯನ್ನು ಚೌಕಟ್ಟಿನ ಹೊರಗಿಟ್ಟರೆ, ಯಾರನ್ನೂ ನಿಲ್ಲಿಸದೆ, ಯಾರಿಗೂ ಹೇಳದೆ, ನಡೆಯದೇ ಇದ್ದ ದುಃಖವೊಂದನ್ನು ನಡೆದಂತೆ ತೋರಿಸಬಹುದು. ಅಲ್ಲದೆ ಕ್ಯಾಂಡಿಡ್ ಎಂದು ಮಾರಾಟವಾಗುವ ಚಿತ್ರಗಳಲ್ಲಿ ಅನೇಕವು ಒಬ್ಬರನ್ನೊಬ್ಬರು ನೋಡಿ, ಕ್ಯಾಮೆರಾ ನೋಡಬೇಡಿ, ಈಗ ನಗಿ ಎಂಬ ಸೂಚನೆಗಳಿಂದಲೇ ಹುಟ್ಟುತ್ತವೆ. ನಿಲ್ಲಿಸಿ ತೆಗೆದ ಗುಂಪು ಚಿತ್ರವಾದರೋ ತಾನು ನಿಲ್ಲಿಸಿ ತೆಗೆದದ್ದೆಂಬುದನ್ನು ಮುಚ್ಚಿಡುವುದಿಲ್ಲ. ಮುಚ್ಚುಮರೆಯಿಲ್ಲದಿರುವುದೇ ಗುಣವಾದರೆ ಆ ಹೆಸರು ಸಲ್ಲಬೇಕಾದದ್ದು ಇದಕ್ಕೆ.

ಮೂರನೆಯ ಕೊಂಡಿಯೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಹಳ್ಳಿಯ ಮದುವೆಯ ಜೀವಂತಿಕೆಯನ್ನು ಉಳಿಸುವುದಾಗಿ ಹೇಳುವ ಶೈಲಿ ಆ ಜೀವಂತಿಕೆಯನ್ನೇ ಅಳಿಸುವುದು ಇಲ್ಲಿ. ಕ್ಯಾಂಡಿಡ್ ಚಿತ್ರದ ಮೆಚ್ಚಿನ ಗುರುತು ಮಸುಕಾದ ಹಿನ್ನೆಲೆ. ಮಸೂರದ ಬಾಯಿಯನ್ನು ಅಗಲವಾಗಿ ತೆರೆದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ. ಪೂರ್ಣ ಗಾತ್ರದ ಸಂವೇದಕವಿರುವ ಕ್ಯಾಮೆರಾಕ್ಕೆ 85 ಮಿಲಿಮೀಟರ್ ಮಸೂರ ಹಾಕಿ, 1.8ರ ತೆರಪಿನಲ್ಲಿ ಎರಡು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಮೂಡುವ ಆಳ ಸುಮಾರು 6 ಸೆಂಟಿಮೀಟರ್ ಮಾತ್ರ. ಕಣ್ಣು, ಮೂಗುತಿ, ತುಟಿ ಸ್ಪಷ್ಟ. ಕಿವಿಯ ಓಲೆಯ ಹೊತ್ತಿಗೆ ಚಿತ್ರ ಕರಗತೊಡಗುತ್ತದೆ. ಹಿಂದೆ ನಿಂತ ಊರು ಬಣ್ಣದ ಗುಂಡುಗಳಾಗಿ ಉಳಿಯುತ್ತದೆ. ಅದೇ ಕ್ಯಾಮೆರಾಕ್ಕೆ 35 ಮಿಲಿಮೀಟರ್ ಮಸೂರ ಹಾಕಿ, ತೆರಪನ್ನು 8ಕ್ಕೆ ಕಿರಿದಾಗಿಸಿ, ನಾಲ್ಕು ಮೀಟರ್ ದೂರಕ್ಕೆ ಕೇಂದ್ರೀಕರಿಸಿದರೆ ಸುಮಾರು ಎರಡೂಕಾಲು ಮೀಟರಿನಿಂದ ಹದಿನೆಂಟು ಮೀಟರಿನವರೆಗೆ, ಅಂದರೆ ಹಸೆಮಣೆಯಿಂದ ಚಪ್ಪರದ ಕೊನೆಯ ಕಂಬದವರೆಗೆ, ಎಲ್ಲರ ಮುಖವೂ ಗುರುತು ಸಿಗುತ್ತದೆ.

ಧಾರೆಯ ಗಳಿಗೆಯನ್ನು ಈ ಎರಡು ಬಗೆಯಲ್ಲಿ ಕಲ್ಪಿಸಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ದಕ್ಷಿಣ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ವಧೂವರರ ಜೋಡಿಸಿದ ಕೈಗಳ ಮೇಲೆ ತೆಂಗಿನಕಾಯಿ ಇಟ್ಟು ಮೊದಲು ತಂದೆತಾಯಿ, ಆಮೇಲೆ ನೆಂಟರು, ಊರಿನವರು ಒಬ್ಬೊಬ್ಬರಾಗಿ ಬಂದು ಹಾಲೆರೆಯುತ್ತಾರೆ. ಕಾಯಿಯ ಮೇಲಿಂದ ಜಾರಿದ ಹಾಲು ಅರಿಶಿನ ಹತ್ತಿದ ಬೆರಳುಗಳ ಸಂದಿಯಲ್ಲಿ ಇಳಿದು, ಮಣಿಕಟ್ಟಿನ ಕಂಕಣದ ದಾರವನ್ನು ತೋಯಿಸಿ, ಕೆಳಗಿನ ಹರಿವಾಣಕ್ಕೆ ಬೀಳುತ್ತದೆ. ಎರೆಯುವ ಕೈಗಳಲ್ಲಿ ಬಳೆ ತುಂಬಿದವೂ ಇರುತ್ತವೆ, ಮಣ್ಣಿನ ಕೆಲಸದಲ್ಲಿ ಉಗುರು ಸವೆದವೂ ಇರುತ್ತವೆ, ಹಾಲಿನ ಚೊಂಬಿನ ಭಾರಕ್ಕೆ ನಡುಗುವ ಮುದಿ ಕೈಗಳೂ ಇರುತ್ತವೆ. ಆರು ಸೆಂಟಿಮೀಟರ್ ಆಳದ ಚಿತ್ರದಲ್ಲಿ ಮದುಮಗಳ ರೆಪ್ಪೆಯಷ್ಟೇ ಉಳಿಯುತ್ತದೆ. ಆ ಕೈಗಳು ಯಾರವು ಎಂಬುದು ಉಳಿಯುವುದಿಲ್ಲ. ಆ ಚಿತ್ರ ಯಾವ ಊರಿನದೂ ಆಗಬಹುದು, ಯಾವ ಜಾಹೀರಾತಿನದೂ ಆಗಬಹುದು. ಸಡಗರವೆಂದರೆ ಬಹಳ ಜನ ಒಟ್ಟಿಗೆ ಇರುವುದು. ಇಬ್ಬರನ್ನು ಉಳಿಸಿ ಇನ್ನೂರು ಜನರನ್ನು ಮಸುಕಾಗಿಸಿದ ಚಿತ್ರ ಸಡಗರದ ಚಿತ್ರವಾಗಲಾರದು.

ಈ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಮೂರು ಗಂಭೀರವಾದವು. ನಿಲ್ಲಿಸಿ ತೆಗೆಯುವ ಪದ್ಧತಿ ಜನರನ್ನು ಮರಗಟ್ಟಿಸುತ್ತದೆ, ಶಾಸ್ತ್ರಗಳನ್ನು ತಡೆಯುತ್ತದೆ ಎಂಬುದು ಮೊದಲನೆಯದು. ತಾಳಿ ಕಟ್ಟುವಾಗ ಕೈಯನ್ನು ಮತ್ತೊಮ್ಮೆ ಎತ್ತಿಸುವುದು, ಗಟ್ಟಿಮೇಳ ಮೊಳಗುವಾಗ ಮಂಟಪದ ಸುತ್ತ ಕ್ಯಾಮೆರಾದವರೇ ಗೋಡೆಯಂತೆ ನಿಂತು ಅಕ್ಷತೆ ಹಾಕಲು ಬಂದವರಿಗೆ ಬೆನ್ನು ಮಾತ್ರ ಕಾಣುವಂತೆ ಮಾಡುವುದು ಎಲ್ಲ ಕಡೆಯೂ ಕಾಣುವ ತಪ್ಪು. ಅದನ್ನು ಯಾವ ವಾದವೂ ಸಮರ್ಥಿಸಲಾರದು. ಆದರೆ ಆ ಗೋಡೆಯಲ್ಲಿ ಕ್ಯಾಂಡಿಡ್ ಕ್ಯಾಮೆರಾವೂ ಒಂದು ಕಲ್ಲಾಗಿದೆ. ಶಾಸ್ತ್ರ ನಡೆಯುವಾಗ ತಡೆಯಬಾರದು ಎಂಬುದು ಒಂದು ನಿಯಮ. ಶಾಸ್ತ್ರ ಮುಗಿದ ಮೇಲೆ ಜನ ತಾವಾಗಿ ಬಂದು ನಿಂತಾಗ ಅವರನ್ನು ಗೌರವದಿಂದ ತೆಗೆಯಬೇಕು ಎಂಬುದು ಇನ್ನೊಂದು ನಿಯಮ. ಮೊದಲನೆಯದನ್ನು ಒಪ್ಪಿದವರು ಎರಡನೆಯದನ್ನು ಬಿಡಬೇಕಾಗಿಲ್ಲ.

ಗುಂಪು ಚಿತ್ರ ಮನೆತನದ ಅಧಿಕಾರವನ್ನೇ ತೋರಿಸುತ್ತದೆ ಎಂಬುದು ಎರಡನೆಯ ಆಕ್ಷೇಪ, ಮತ್ತು ಇದು ಹೆಚ್ಚು ತೂಕದ್ದು. ಆ ಸಾಲಿನಲ್ಲಿ ತಮಟೆ ಬಡಿದವರಿಲ್ಲ, ವಾಲಗದವರಿಲ್ಲ, ಬೆಳಗಿನ ಜಾವದಿಂದ ಒಲೆಯ ಮುಂದೆ ಬೆಂದ ಅಡುಗೆಯವರಿಲ್ಲ, ಎಲೆ ಎತ್ತಿದವರಿಲ್ಲ. ಶುಭಕಾರ್ಯದಿಂದ ದೂರವಿಡಲಾದ ವಿಧವೆಯರೂ ಎಷ್ಟೋ ಮನೆಗಳಲ್ಲಿ ಇರುವುದಿಲ್ಲ. ಇವರನ್ನೆಲ್ಲ ಹಿಡಿಯುವುದು ಅಲೆದಾಡುವ ಕ್ಯಾಮೆರಾ ಮಾತ್ರ ಎಂದು ಹೇಳಲಾಗುತ್ತದೆ. ಅಲೆದಾಡುವ ಕ್ಯಾಮೆರಾಕ್ಕೆ ಅಂಥ ಅವಕಾಶವಿರುವುದು ನಿಜ. ಆದರೆ ಅದರ ಆಲ್ಬಂಗಳಲ್ಲಿ ತಮಟೆಯವರು ಬಂದಾಗಲೂ ಸಾಮಾನ್ಯವಾಗಿ ಬೆವರು, ಚರ್ಮ, ಚಲನೆಯ ಅಂದವಾಗಿ, ಹೆಸರಿಲ್ಲದ ಅಲಂಕಾರವಾಗಿ ಬರುತ್ತಾರೆ. ಅನ್ಯಾಯ ಇರುವುದು ಯಾರನ್ನು ಕರೆದು ನಿಲ್ಲಿಸಲಾಯಿತು ಎಂಬುದರಲ್ಲಿ; ಅದಕ್ಕೆ ಪರಿಹಾರ ಸಾಲನ್ನು ಉದ್ದಮಾಡುವುದು. ವಾಲಗದವರನ್ನು ಅವರ ವಾದ್ಯಗಳೊಂದಿಗೆ, ಅಡುಗೆಯವರನ್ನು ಅವರ ಕೊಳಗಗಳ ಪಕ್ಕದಲ್ಲಿ, ಕೇಳಿ, ಒಪ್ಪಿಸಿ, ಎದುರು ನಿಲ್ಲಿಸಿ ತೆಗೆದ ಒಂದು ಚಿತ್ರ ಅವರಿಗೆ ಕೊಡುವ ಮರ್ಯಾದೆಯನ್ನು ಕದ್ದು ತೆಗೆದ ನೂರು ಚಿತ್ರಗಳು ಕೊಡಲಾರವು.

ಮೂರನೆಯದಾಗಿ, ಅರಿಯದೆ ತೆಗೆದ ಚಿತ್ರಗಳೇ ಮನಸ್ಸಿಗೆ ಹೆಚ್ಚು ತಟ್ಟುತ್ತವೆ ಎಂಬುದು ಅನುಭವದ ಮಾತಲ್ಲವೇ ಎಂದು ಕೇಳಬಹುದು. ಹೌದು, ತಟ್ಟುತ್ತವೆ. ಪಂಕ್ತಿಯಲ್ಲಿ ಮೊಮ್ಮಗನಿಗೆ ತುತ್ತು ಕೊಡುತ್ತಿರುವ ಅಜ್ಜಿಯ ಚಿತ್ರ ಯಾವ ಸಾಲು ಚಿತ್ರವೂ ಕೊಡಲಾರದ ಸುಖ ಕೊಡುತ್ತದೆ, ಅಂಥ ಚಿತ್ರಗಳು ಬೇಕೇ ಬೇಕು. ಆದರೆ ತಟ್ಟುವುದು ಬೇರೆ, ಸತ್ಯವಾಗಿರುವುದು ಬೇರೆ. ಜೊತೆಗೆ ಒಪ್ಪಿಗೆಯ ಪ್ರಶ್ನೆಯೂ ಇದೆ: ಅರಿಶಿನ ಎಣ್ಣೆ ಹಚ್ಚುವಾಗ, ಎದೆಬಿರಿದು ಅಳುವಾಗ, ಕೂಸಿಗೆ ಹಾಲೂಡಿಸುವಾಗ ತಿಳಿಯದಂತೆ ತೆಗೆದ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿಯುವ ಕಾಲದಲ್ಲಿ, ತಿಳಿಯದಿರುವಿಕೆಯನ್ನೇ ಗುಣವೆಂದು ಹೊಗಳುವುದು ಚಿತ್ರದಲ್ಲಿರುವವರ ಹಕ್ಕನ್ನು ಕಡೆಗಣಿಸಿದಂತೆ.

ಹಾಗಾದರೆ ಸರಿಯಾದ ಅಳತೆಗೋಲು ಯಾವುದು? ಅರಿವಿತ್ತೇ ಇರಲಿಲ್ಲವೇ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಹಳ್ಳಿಯ ಮದುವೆಯ ಚಿತ್ರಸಂಪುಟವೊಂದನ್ನು ಹೀಗೆ ಪರೀಕ್ಷಿಸಬಹುದು.

1. ಐವತ್ತು ವರ್ಷಗಳ ನಂತರ ನೋಡಿದವರಿಗೆ ಯಾರು, ಯಾರ ಜೊತೆ, ಎಲ್ಲಿ ಇದ್ದರು ಎಂಬುದು ತಿಳಿಯುತ್ತದೆಯೇ?

2. ಮದುವೆಯನ್ನು ನಡೆಸಿಕೊಟ್ಟ ಕೈಗಳೆಲ್ಲಕ್ಕೂ ಅದರಲ್ಲಿ ಮುಖವಿದೆಯೇ?

3. ಚಿತ್ರದಲ್ಲಿರುವವರು ಇದು ನಮ್ಮದು ಎಂದು ಒಪ್ಪಿ ಗೋಡೆಗೆ ತೂಗುಹಾಕಿಕೊಳ್ಳುವಂತಿದೆಯೇ?

ಈ ಪರೀಕ್ಷೆಯಲ್ಲಿ ನಿಲ್ಲಿಸಿ ತೆಗೆದದ್ದೂ ಗೆಲ್ಲಬಹುದು, ನಡೆಯುವಾಗ ತೆಗೆದದ್ದೂ ಗೆಲ್ಲಬಹುದು. ಸೋಲುವುದು ಜನರನ್ನು ಅಳಿಸಿದ ಚಿತ್ರ ಮಾತ್ರ.

ಗೋಡೆಯ ಮಾತು ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಹಳ್ಳಿಯ ಎಷ್ಟೋ ಮನೆಗಳ ನಡುಮನೆಯಲ್ಲಿ ಹಾರ ಹಾಕಿದ ಅಜ್ಜ ಅಜ್ಜಿಯರ ಚಿತ್ರಗಳಿರುತ್ತವೆ. ಅವುಗಳಲ್ಲಿ ಅನೇಕವು ಪ್ರತ್ಯೇಕವಾಗಿ ತೆಗೆಸಿದವಲ್ಲ. ಮಗನದೋ ಮೊಮ್ಮಗಳದೋ ಮದುವೆಯ ಗುಂಪು ಚಿತ್ರದಿಂದ ಒಂದು ಮುಖವನ್ನು ಬೇರ್ಪಡಿಸಿ, ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿದವು. ಆ ದಿನ ಯಾರೋ ಕರೆದು ನಿಲ್ಲಿಸಿದ್ದರಿಂದ, ಅವರು ಸೆರಗು ಸರಿಪಡಿಸಿಕೊಂಡು, ರುಮಾಲು ನೇರ ಮಾಡಿಕೊಂಡು, ಕ್ಯಾಮೆರಾವನ್ನು ನೆಟ್ಟಗೆ ನೋಡಿದ್ದರಿಂದ ಮಾತ್ರ ಅವರ ಮುಖ ಇಂದು ಉಳಿದಿದೆ. ಹಳ್ಳಿಯ ಮದುವೆಗೆ ಕ್ಯಾಮೆರಾ ಹಿಡಿದು ಹೋಗುವವರು ಬೇಕಾದಷ್ಟು ನಗುವನ್ನೂ ಕಣ್ಣೀರನ್ನೂ ಹಿಡಿಯಲಿ. ಆದರೆ ಹೊರಡುವ ಮುನ್ನ ಚಪ್ಪರದ ಕೊನೆಯ ಕಂಬದ ಬಳಿ ಕುಳಿತ ಹಿರಿಯರನ್ನು ಕೈಹಿಡಿದು ಬೆಳಕಿಗೆ ಕರೆತಂದು, ಎದುರು ನಿಲ್ಲಿಸಿ, ಮುಖ ಸ್ಪಷ್ಟವಾಗಿ ಕಾಣುವಂತೆ ಒಂದು ಚಿತ್ರ ತೆಗೆಯಲಿ.